ಪೆಟ್ರೋಲು ಎಲ್ಲಿ ಸೋಸಬೇಕು

ಹೋದ ತಿಂಗಳು ಮನೆಗೆ ನೀರು ಶುದ್ಧ ಮಾಡುವ ಯಂತ್ರ ತಂದೆ. ಅಂಗಡಿಯವರು ಬಂದು ಗೋಡೆಗೆ ಕೂರಿಸಿ, ಒಳಗೆ ಏನೇನಿದೆ ಎಂದು ವಿವರಿಸಿ ಹೋದರು. ಮಾರನೆಯ ಬೆಳಿಗ್ಗೆ ಎದ್ದು ನೋಡುತ್ತೇನೆ, ಅದರ ನಲ್ಲಿಯ ಮೂತಿಗೆ ಅವ್ವ ಹಳೇ ಪಂಚೆಯ ತುಂಡೊಂದನ್ನು ದಾರದಲ್ಲಿ ಬಿಗಿದು ಕಟ್ಟಿದ್ದಾಳೆ.

“ಅವ್ವ, ಒಳಗಡೆ ಒಂದರ ಹಿಂದೆ ಒಂದು ಫಿಲ್ಟರ್ ಇದಾವೆ. ಇದ್ಯಾಕೆ ಮತ್ತೆ?”

“ಒಳಗಡೆ ಇರೋದ್ನ ಯಾರ್ ಕಂಡವ್ರೆ? ಇದಾದ್ರೆ ಕಣ್ಣಿಗೆ ಕಾಣ್ತದೆ. ಕೊಳೆಯಾದ್ರೆ ಒಗೀಬೋದು.”

ನಾನು ಮೆಕ್ಯಾನಿಕಲ್ ಇಂಜಿನಿಯರು. ದೊಡ್ಡಮಳೂರಿನ ನಮ್ಮ ಬೀದಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣು. ನಮ್ಮ ಮನೆತನದಲ್ಲಿ ಗಂಡು ಹೆಣ್ಣು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಮೊದಲನೆಯವಳೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದು ಬರೆಯಲು ಹೊರಟಿದ್ದೆ. ಸುಳ್ಳು ಯಾಕೆ, ಜಂಬಕ್ಕೇ ಹೇಳುತ್ತಿದ್ದೇನೆ. ಬಿಡದಿ ಕಡೆಯ ಒಂದು ಕಾರು ಕಾರ್ಖಾನೆಯಲ್ಲಿ ಕೆಲಸ. ನಾನು ಒಪ್ಪಿ ರುಜು ಹಾಕಿದ ಮೇಲೇ ಕೆಲವು ಭಾಗಗಳು ಮುಂದಕ್ಕೆ ಹೋಗಬೇಕು. ಇಷ್ಟೆಲ್ಲ ಇದ್ದೂ ಆ ಬಟ್ಟೆಯ ತುಂಡನ್ನು ಬಿಚ್ಚುವ ಧೈರ್ಯ ನನಗೆ ಬಂದಿಲ್ಲ. ಅದನ್ನು ನೋಡಿದಾಗಲೆಲ್ಲ ನೆನಪಾಗುವವನು ಅವ್ವನ ತಮ್ಮ, ನನ್ನ ಸೋದರಮಾವ ಪುಟ್ಟಸ್ವಾಮಿ. ಅವನಿಗೂ ಸೋಸುವುದು ಕಣ್ಣಿಗೆ ಕಾಣಬೇಕಿತ್ತು. ಅಕ್ಕ ತಮ್ಮ ಇಬ್ಬರದೂ ಒಂದೇ ರಕ್ತ.

ಸೋಸುವ ವಿಷಯದಲ್ಲಿ ನಮ್ಮ ಮನೆಯವರು ಮೊದಲಿಂದಲೂ ಸ್ವಲ್ಪ ಅತಿ. ಹಾಲನ್ನು ಕರೆದ ಜಾಗದಲ್ಲೇ, ಕೊಟ್ಟಿಗೆಯಲ್ಲೇ, ಒಂದು ಸಲ ಬಟ್ಟೆಯಲ್ಲಿ ಸೋಸಬೇಕು. ಒಳಗೆ ತಂದ ಮೇಲೆ ಇನ್ನೊಂದು ಸಲ. ಕಾಫಿಗೆ ಒಂದು ಬಟ್ಟೆಯ ಚೀಲವಿತ್ತು. ಅದರ ಮೂಲ ಬಣ್ಣ ಯಾವುದೆಂದು ಬಲ್ಲವರು ಯಾರೂ ಬದುಕಿರಲಿಲ್ಲ. ರಾಗಿಹಿಟ್ಟಿನ ಜರಡಿಯಲ್ಲಿ ನಾನು ಏಟು ತಿಂದಿದ್ದೇನೆ; ಅದರ ಅಂಚು ತಗುಲಿದರೆ ಬೆನ್ನಿನ ಮೇಲೆ ಅರ್ಧಚಂದ್ರ ಮೂಡುತ್ತದೆ. ಅಜ್ಜಿಯಂತೂ ನೆಂಟರನ್ನೂ ಸೋಸುತ್ತಿದ್ದಳು. ಕೆಲವರು ಜಗಲಿಯಲ್ಲೇ ಉಳಿಯುತ್ತಿದ್ದರು, ಕೆಲವರು ನಡುಮನೆಗೆ ಇಳಿಯುತ್ತಿದ್ದರು, ಅಡಿಗೆಮನೆ ತನಕ ಬರುತ್ತಿದ್ದವರು ಬಹಳ ನಯವಾದವರು ಮಾತ್ರ. ಎಸ್ಸೆಸ್ಸೆಲ್ಸಿ ಎಂಬ ಜರಡಿಯಲ್ಲಿ ನಮ್ಮ ವಂಶವೆಲ್ಲ ಮೇಲೇ ಉಳಿದುಬಿಟ್ಟಿತ್ತು. ನಾನೊಬ್ಬಳು ಹೇಗೋ ಸಂದು ಹುಡುಕಿಕೊಂಡು ಕೆಳಕ್ಕೆ ಬಿದ್ದೆ.

ಮಾವನ ಹತ್ತಿರ ಒಂದು ಬಿಳಿ ಅಂಬಾಸಿಡರ್ ಕಾರಿತ್ತು, ಪೆಟ್ರೋಲಿನದು. ಬೆಂಗಳೂರಿನ ಯಾರೋ ನಿವೃತ್ತ ಡಾಕ್ಟರು ಇಟ್ಟುಕೊಂಡಿದ್ದನ್ನು ಕೊಂಡು ತಂದಿದ್ದ. ಆಗ ನಮ್ಮ ಕಡೆ ಕಾರ್ಖಾನೆಗಳು ಒಂದೊಂದಾಗಿ ಏಳುತ್ತಿದ್ದವು, ಹೆದ್ದಾರಿ ಅಗಲವಾಗುತ್ತಿತ್ತು. ಕೆಲಸಗಾರರನ್ನು ಸಾಗಿಸುವುದಕ್ಕೆ ಹೊಸ ಹೊಸ ಡೀಸೆಲ್ ಗಾಡಿಗಳು ಬಂದು, ಬಾಡಿಗೆ ಕಾರುಗಳ ಕೆಲಸವನ್ನೆಲ್ಲ ಹೊತ್ತುಕೊಂಡು ಹೋದವು. ಮಾವನ ಕಾರಿಗೆ ಉಳಿದದ್ದು ಒಂದೇ ಕೆಲಸ, ಮದುವೆ. ಹೆಣ್ಣು ಗಂಡನ್ನು ಕೂರಿಸಿಕೊಂಡು ಹೋಗಲು ಬಿಳಿ ಅಂಬಾಸಿಡರೇ ಆಗಬೇಕು ಎನ್ನುವ ಹಿರಿಯರು ಆಗ ಇನ್ನೂ ಇದ್ದರು. ಕನಕಪುರ, ಮಾಗಡಿ, ರಾಮನಗರ ಎಲ್ಲ ಕಡೆಗೂ ಅದು ಸೇವಂತಿಗೆ ಹಾರ ಹಾಕಿಕೊಂಡು ಓಡುತ್ತಿತ್ತು. ಕನ್ನಡಿಯ ಕೆಳಗೆ ಚನ್ನಪಟ್ಟಣದ ಅರಗಿನ ಬಣ್ಣದ ಗಿಣಿಯೊಂದು ತೂಗುತ್ತಿತ್ತು. ಕಾರು ಗುಂಡಿಗೆ ಇಳಿದಾಗಲೆಲ್ಲ ಅದು ಮಾವನ ಹಣೆಗೆ ಕುಟುಕುತ್ತಿತ್ತು. ಅವನು ಅದನ್ನು ತೆಗೆಯಲಿಲ್ಲ, ತಲೆ ಬಗ್ಗಿಸಲು ಕಲಿತ.

ಮಾವ ಮಾತಿನಲ್ಲಿ ಮೃದು, ಕಾರಿನ ವಿಷಯದಲ್ಲಿ ಮಾತ್ರ ಮಹಾ ಅಹಂಕಾರಿ. “ನನ್ ಕಾರು ದಾರೀಲಿ ನಿಂತಿದ್ದ ಕಂಡೋರು ಇದ್ರೆ ಕರ್ಕೊಂಡ್ ಬನ್ನಿ” ಎಂದು ಚನ್ನಪಟ್ಟಣದ ಸ್ಟ್ಯಾಂಡಿನಲ್ಲಿ ಸವಾಲು ಹಾಕುತ್ತಿದ್ದ. ಹಳೆಯ ಕಾರಿನ ಟ್ಯಾಂಕಿನಲ್ಲಿ ತುಕ್ಕು ಉದುರುವುದು ಸಹಜ. ಆ ತುಕ್ಕಿನ ಪುಡಿ ಪೆಟ್ರೋಲಿನ ಜೊತೆ ಹರಿದು ಕಾರ್ಬುರೇಟರಿಗೆ ಹೋಗಿ ಕೂರುತ್ತದೆ. ಕಾರ್ಬುರೇಟರ್ ಎಂದರೆ ಪೆಟ್ರೋಲು ಗಾಳಿ ಎರಡನ್ನೂ ಹದವಾಗಿ ಬೆರೆಸಿ ಇಂಜಿನ್ನಿಗೆ ಉಣಿಸುವ ಭಾಗ. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ಒಂದು ಕಣ ಸಿಕ್ಕಿಕೊಂಡರೂ ಇಂಜಿನ್ನು ಬಿಕ್ಕಳಿಸುತ್ತದೆ. ಅದಕ್ಕೆಂದೇ ಮಾವ ರಾಮನಗರದಿಂದ ಒಂದು ಪ್ಲಾಸ್ಟಿಕ್ಕಿನ ಫಿಲ್ಟರ್ ತಂದ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಗಾಜಿನಂತೆ ಆಚೀಚೆ ಕಾಣುವಂಥದು, ಒಳಗೆ ಮಡಿಕೆ ಮಡಿಕೆಯಾದ ಕಾಗದ. ಎರಡು ಕಡೆಯ ಮೂತಿಗೂ ರಬ್ಬರ್ ಪೈಪು ಸಿಕ್ಕಿಸಿದರೆ ಆಯಿತು.

ಎಲ್ಲಿ ಸಿಕ್ಕಿಸಬೇಕು ಎಂಬುದೇ ಪ್ರಶ್ನೆ. ಪೆಟ್ರೋಲು ಹಿಂದಿನ ಟ್ಯಾಂಕಿನಿಂದ ಹೊರಟು, ಕಾರಿನ ಹೊಟ್ಟೆಯ ಕೆಳಗೆ ಹರಿದು, ಮುಂದಿರುವ ಪಂಪಿಗೆ ಬಂದು, ಅಲ್ಲಿಂದ ಮೇಲೆ ಕಾರ್ಬುರೇಟರಿಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಕೂರಿಸಬಹುದು. ಮಾವ ಕಾರ್ಬುರೇಟರಿನ ಪಕ್ಕದಲ್ಲೇ, ಬಾನೆಟ್ ಎತ್ತಿದ ಕೂಡಲೇ ಎದುರಿಗೆ ಕಾಣುವಂತೆ ಕೂರಿಸಿದ.

“ಕುಡಿಯೋ ಬಾಯ್ ಹತ್ರಾನೇ ಸೋಸ್ಬೇಕು” ಎಂಬುದು ಅವನ ಸಿದ್ಧಾಂತ. ಮದುವೆಯ ದಿನ ಹೂವಿನ ಹಾರ ಕಟ್ಟುವ ಮುಂಚೆ ಬಾನೆಟ್ ಎತ್ತಿ, ಎರಡೂ ಕಡೆಯ ಹಿರಿಯರನ್ನು ಕರೆದು ತೋರಿಸುತ್ತಿದ್ದ. “ನೋಡಿ ಯಜಮಾನ್ರೆ, ತೀರ್ಥ ಇದ್ದಂಗೈತೆ ಪೆಟ್ರೋಲು. ಸೀಮೆಎಣ್ಣೆ ಗೀಮೆಎಣ್ಣೆ ಬೆರಸೋ ಗಿರಾಕಿ ಅಲ್ಲ ನಾನು.” ಹಿರಿಯರು ಗಂಭೀರವಾಗಿ ಬಗ್ಗಿ ನೋಡಿ ತಲೆಯಾಡಿಸುತ್ತಿದ್ದರು. ಆಯುಧಪೂಜೆಯಲ್ಲಿ ಸ್ಟೇರಿಂಗಿಗೆ ಒಂದು ಬೊಟ್ಟು ಕುಂಕುಮ ಬಿದ್ದರೆ ಫಿಲ್ಟರಿಗೆ ಎರಡು ಬೀಳುತ್ತಿತ್ತು.

ಆ ದಿನಗಳಲ್ಲಿ ನಾನು ಮೂರನೆಯ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೆ. ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ. ರೈಲಿನಲ್ಲಿ ನಿಂತೇ ಹೋಗಿ ನಿಂತೇ ಬರುತ್ತಿದ್ದೆ. ಗದ್ದೆ ಕೆಲಸ ಮುಗಿಸಿ ಬಂದ ಅಪ್ಪ ನನ್ನ ಪುಸ್ತಕದಲ್ಲಿದ್ದ ಇಂಜಿನ್ನಿನ ಚಿತ್ರಗಳನ್ನು ತಲೆಕೆಳಗಾಗಿ ಹಿಡಿದು ನೋಡಿ, “ಕಷ್ಟ ಐತೆ ಅಲ್ವಾ ಮಗ” ಎನ್ನುತ್ತಿದ್ದ. ನೇರವಾಗಿ ಹಿಡಿದರೂ ಅಷ್ಟೇ ಕಷ್ಟ ಎಂದು ನಾನು ಹೇಳುತ್ತಿರಲಿಲ್ಲ. ಮಾವ ಮಾತ್ರ ನನ್ನನ್ನು ಇಂಜಿನಿಯರಮ್ಮ ಎಂದೇ ಕರೆಯುತ್ತಿದ್ದ. ಪಾಸಾಗುವ ಮೊದಲೇ ಬಿರುದು ಕೊಟ್ಟವನು ಅವನೊಬ್ಬನೇ.

ಆ ವರ್ಷದ ಬೇಸಿಗೆಯಲ್ಲಿ ಸುನಂದನ ಮದುವೆಯಾಯಿತು. ಅವಳು ನಮ್ಮ ಎದುರುಮನೆಯವಳು, ಒಂದನೇ ಕ್ಲಾಸಿನಿಂದ ನನ್ನ ಜೊತೆಗಾತಿ. ಗಂಡಿನ ಕಡೆಯವರು ಮಾಗಡಿಯ ಹತ್ತಿರದ ಒಂದು ಹಳ್ಳಿಯವರು, ರೇಷ್ಮೆ ಮಾಡುವ ಮನೆ. ಚನ್ನಪಟ್ಟಣದ ಛತ್ರದಲ್ಲಿ ಧಾರೆ ಆದ ಮೇಲೆ ಹೆಣ್ಣನ್ನು ಗಂಡನ ಮನೆಗೆ ಕರೆದುಕೊಂಡು ಹೋಗಿ ಮನೆ ತುಂಬಿಸಿಕೊಳ್ಳಬೇಕು. ಅದಕ್ಕೂ ಹೊತ್ತು ನೋಡಿಟ್ಟಿದ್ದರು. ಮಾವನ ಕಾರು, ಹಿಂದೆ ಗಂಡು, ಹೆಣ್ಣು, ಹೆಣ್ಣಿನ ಜೊತೆ ಹೋಗುವವಳಾಗಿ ನಾನು. ಮುಂದೆ ಗಂಡಿನ ದೊಡ್ಡಪ್ಪ, ಮೊಣಕಾಲ ಮೇಲೆ ಪಂಚಾಂಗದಷ್ಟೇ ಗಂಭೀರವಾದ ಒಂದು ಹೊಟ್ಟೆ ಇಟ್ಟುಕೊಂಡು.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದರಿಂದ ನಡು ಮಧ್ಯಾಹ್ನ ಗಾಡಿಗಳೆಲ್ಲ ಇರುವೆ ಸಾಲಿನಂತೆ ತೆವಳುತ್ತಿದ್ದವು. ಇಂಜಿನ್ನು ಓಡುತ್ತಲೇ ಇತ್ತು, ಕಾರು ಮಾತ್ರ ಓಡುತ್ತಿರಲಿಲ್ಲ. ಹೇಗೋ ರಾಮನಗರ ದಾಟಿ ಮಾಗಡಿ ರಸ್ತೆಗೆ ತಿರುಗಿ, ಬಂಡೆಗಳ ನಡುವೆ ಹತ್ತತೊಡಗಿದೆವು. ಜನ ಹುಣಸೆಮರದ ಏರು ಎಂದು ಕರೆಯುವ ಜಾಗದಲ್ಲಿ ಕಾರು ಎರಡು ಸಲ ಮುಗ್ಗರಿಸಿ, ಉಸಿರು ಬಿಟ್ಟು, ನಿಂತುಹೋಯಿತು.

ಮಾವನ ಮುಖ ಆಗ ಹೇಗಿತ್ತೆಂದು ಹೇಳಲಾರೆ. ಕೀ ತಿರುಗಿಸಿದ, ಇಳಿದ, ಬಾನೆಟ್ ಎತ್ತಿದ, ಮತ್ತೆ ಬಂದು ತಿರುಗಿಸಿದ. ಮುಂದಿನ ಸೀಟಿನಿಂದ ದೊಡ್ಡಪ್ಪ, “ಏನಪ್ಪ, ರಾಹುಕಾಲ ಬತ್ತಾ ಐತೆ” ಎಂದರು. ಸ್ವಲ್ಪ ಹೊತ್ತಿಗೆ, “ಬಂತು” ಎಂದರು. ಹಿಂದಿನಿಂದ ಛತ್ರದ ಪಾತ್ರೆಗಳನ್ನು ಹೇರಿಕೊಂಡು ಬರುತ್ತಿದ್ದ ಟೆಂಪೋ ಸಿಕ್ಕಿತು. ಗಂಡುಹೆಣ್ಣನ್ನು ಅನ್ನದ ಕೊಪ್ಪರಿಗೆಗಳ ನಡುವೆ ನಿಲ್ಲಿಸಿಕೊಂಡು ಅದು ಮುಂದೆ ಹೋಯಿತು. ಬಾಸಿಂಗ ಬಿಚ್ಚದ ಸುನಂದ ಒಂದು ಸೌಟಿನ ಕಟ್ಟನ್ನು ಹಿಡಿದುಕೊಂಡು ನಿಂತಿದ್ದಳು, ನಾನು ಅವಳನ್ನು ಹಿಡಿದುಕೊಂಡು ನಿಂತಿದ್ದೆ. ಮನೆ ಮುಟ್ಟಿದಾಗ ರಾಹುಕಾಲ ಕಳೆಯುವ ತನಕ ಹೆಣ್ಣನ್ನು ಪಕ್ಕದ ಮನೆಯ ಜಗಲಿಯ ಮೇಲೆ ಕೂರಿಸಿದರು.

ಸಂಜೆ ಮಾವ ಕಾರು ತಣ್ಣಗಾದ ಮೇಲೆ ತಂದು ನಿಲ್ಲಿಸಿ, ಕೈಮುಗಿದುಕೊಂಡು ಬಂದ. ಸುನಂದನ ಅತ್ತೆ ಸಾಕಮ್ಮ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲ ಕಡೆಗೊಮ್ಮೆ ನೋಡಿ, “ಬುಡಪ್ಪ, ನಿಂದೇನೈತೆ. ಯಾವ ಕಾಲ್ಗುಣಕ್ಕೆ ನಿಂತ್ಕಂತೋ” ಎಂದಳು.

ಕಾಲ್ಗುಣ ಎಂದರೆ ಏನೆಂದು ನಿಮಗೆ ಗೊತ್ತಿದೆ. ಹೊಸದಾಗಿ ಹೆಜ್ಜೆ ಇಟ್ಟ ಹೆಣ್ಣು ತನ್ನ ಜೊತೆ ತರುವ ಒಳಿತು ಕೆಡುಕು. ಹಸು ಈದರೂ ಅವಳ ಕಾಲ್ಗುಣ, ಹಾಲು ಒಡೆದರೂ ಅವಳ ಕಾಲ್ಗುಣ. ಗಂಡಸರಿಗೂ ಕಾಲುಗಳಿವೆ, ಆದರೆ ಅವುಗಳಿಗೆ ಗುಣ ಇರುವುದಿಲ್ಲ ಎಂದು ಕಾಣುತ್ತದೆ.

ಕಾರು ನಿಂತ ಕಾರಣ ಹುಡುಕಿದವಳು ನಾನು. ಒಂದು ಮಧ್ಯಾಹ್ನ ಇಂಜಿನ್ನನ್ನು ಬಹಳ ಹೊತ್ತು ನಿಂತಲ್ಲೇ ಓಡಿಸಲು ಹೇಳಿ ಬಾನೆಟ್ ಒಳಗೆ ಬಗ್ಗಿ ನೋಡುತ್ತಾ ಇದ್ದೆ. ಮಾವ ಫಿಲ್ಟರ್ ಕೂರಿಸಿದ್ದ ಜಾಗದ ನೇರ ಕೆಳಗೆ, ಇಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಕಬ್ಬಿಣದ ಕೊಳವೆ. ಅದಕ್ಕಿಂತ ಬಿಸಿಯಾದ ಜಾಗ ಇಡೀ ಕಾರಿನಲ್ಲಿ ಇನ್ನೊಂದಿಲ್ಲ. ನೋಡುತ್ತಿದ್ದಂತೆ ಫಿಲ್ಟರಿನಲ್ಲಿ ಗುಳ್ಳೆಗಳು ಎದ್ದವು. ತೀರ್ಥದಂಥ ಪೆಟ್ರೋಲು ಕುದಿಯುತ್ತಿತ್ತು. ಕುದ್ದು ಆವಿಯಾದರೆ ಪೈಪಿನಲ್ಲಿ ಬರೀ ಆವಿ ತುಂಬಿಕೊಳ್ಳುತ್ತದೆ. ಪಂಪು ಆವಿಯನ್ನು ತಳ್ಳಲಾರದು, ಟ್ಯಾಂಕು ತುಂಬಿದ್ದರೂ ಇಂಜಿನ್ನು ಉಪವಾಸ. ಇದಕ್ಕೆ ನಮ್ಮ ಪುಸ್ತಕದಲ್ಲಿ ವೇಪರ್ ಲಾಕ್ ಎಂಬ ಹೆಸರಿದೆ. ನಾನು ಕಾಗದದ ಮೇಲೆ ಬಾಣಗಳನ್ನೆಲ್ಲ ಹಾಕಿ ಅರ್ಧ ಗಂಟೆ ಪಾಠ ಮಾಡಿದೆ. ಮಾವ ಕೇಳಿಸಿಕೊಂಡು, “ಅಂದ್ರೆ ದೃಷ್ಟಿ ಆಗೈತೆ ಅಂತೀಯ?” ಎಂದ.

ಅಕ್ಕಿ ಆರಿಸುತ್ತಾ ಕೂತಿದ್ದ ಅವ್ವ ತಲೆಯನ್ನೂ ಎತ್ತದೆ ಹೇಳಿದಳು: “ಲೇ ಪುಟ್ಟಸ್ವಾಮಿ, ಉರಿಯೋ ಒಲೆ ಮ್ಯಾಲೆ ಸೋಸೋ ಬಟ್ಟೆ ಕಟ್ಟಿದ್ದೀಯ ಅಂತಾವ್ಳೆ ಕಣ್ಲಾ. ಹಾಲ್ನ ಎಲ್ಲಿ ಸೋಸ್ತೀವಿ? ಕೊಟ್ಟಿಗೇಲಿ, ತಣ್ಣಗಿರೋ ಜಾಗದಲ್ಲಿ. ಒಲೆ ತಾವಲ್ಲ.”

“ಅಕ್ಕಯ್ಯ, ಕೆಳಗಡೆ ಇಟ್ರೆ ಯಾರಿಗ್ ಕಾಣ್ತದೆ?”

“ನಿನಗ್ ಕಾರ್ ಓಡ್ಬೇಕೋ, ಫಿಲ್ಟರ್ ಮೆರವಣಿಗೆ ಆಗ್ಬೇಕೋ?”

ನನ್ನ ಅರ್ಧ ಗಂಟೆಯ ಪಾಠಕ್ಕಿಂತ ಒಲೆಯ ಮಾತೇ ಅವನಿಗೆ ತಟ್ಟಿತು. ಆದರೂ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳಲು ಎರಡು ದಿನ ಬೇಕಾಯಿತು. ಕೊನೆಗೆ ಫಿಲ್ಟರು ಮಡ್‌ಗಾರ್ಡಿನ ಒಳಗೋಡೆಯ ಪಕ್ಕ, ಪಂಪಿಗಿಂತ ಮುಂಚೆ, ತಗ್ಗಿನಲ್ಲಿ, ಬಿಸಿಯಿಂದ ದೂರವಾಗಿ ಕೂತಿತು. ಫಿಲ್ಟರಿನ ಮೇಲಿನ ಬಾಣದ ಗುರುತು ಪಂಪಿನ ಕಡೆಗೆ ಇರಬೇಕೆಂದು ನಾನೇ ನಿಂತು ನೋಡಿದೆ. ಅಲ್ಲಿ ಸೋಸಿದರೆ ಕಾರ್ಬುರೇಟರಷ್ಟೇ ಅಲ್ಲ, ಪಂಪೂ ತುಕ್ಕಿನಿಂದ ಉಳಿಯುತ್ತದೆ. ಕಾರು ಆಮೇಲೆ ಎಂಥ ಬಿಸಿಲಲ್ಲೂ ನಿಲ್ಲಲಿಲ್ಲ. ಮಾವ ಮಾತ್ರ ಬಾನೆಟ್ ಎತ್ತಿದಾಗಲೆಲ್ಲ ಮೂಗುತಿ ತೆಗೆದಿಟ್ಟ ಮೂಗನ್ನು ನೋಡುವಂತೆ ಆ ಹಳೆಯ ಜಾಗವನ್ನು ನೋಡುತ್ತಿದ್ದ.

ಈಗ ನಾನು ದಿನವೂ ನೋಡುವ ಹೊಸ ಕಾರುಗಳಲ್ಲಿ ಈ ತಕರಾರೇ ಇಲ್ಲ. ಕಾರ್ಬುರೇಟರೂ ಇಲ್ಲ. ಫಿಲ್ಟರು ಟ್ಯಾಂಕಿನ ಒಳಗೇ ಹುದುಗಿರುತ್ತದೆ. ಕೊಂಡವರಿಗೆ ಅದೊಂದು ಇದೆಯೆಂದೇ ಗೊತ್ತಿರುವುದಿಲ್ಲ. ಒಳ್ಳೆಯದೇ. ಆದರೆ ಬಗ್ಗಿ ನೋಡಿ ಒಬ್ಬರಿಗೊಬ್ಬರು ತೋರಿಸುವಂಥದು ಏನೂ ಉಳಿದಿಲ್ಲ.

ಕಾರಿನ ಕಥೆ ಸರಿಹೋಯಿತು, ಸುನಂದನದು ಸರಿಹೋಗಲಿಲ್ಲ. ಮರುವರ್ಷ ಯುಗಾದಿಗೆ ತವರಿಗೆ ಬಂದಳು. ನಮ್ಮ ಮನೆಯ ಹಿತ್ತಲಲ್ಲಿ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಾ ನಗುನಗುತ್ತಲೇ ಹೇಳಿದಳು. ಅವಳು ಹೋದ ಮೇಲೆ ಒಂದು ಸಲದ ರೇಷ್ಮೆ ಹುಳು ಸಪ್ಪೆರೋಗಕ್ಕೆ ಹೋಯಿತಂತೆ. ಗಂಡನಿಗೆ ಕಾರ್ಖಾನೆಯ ಕಂತ್ರಾಟು ಕೆಲಸ ತಪ್ಪಿತಂತೆ. ಎಲ್ಲದಕ್ಕೂ ಏರಿನಲ್ಲಿ ನಿಂತ ಕಾರೇ ಮುನ್ನುಡಿ. ಈಗ ಗಂಡ ಒಂದು ಗೂಡ್ಸ್ ಆಟೋ ತೆಗೆದುಕೊಂಡಿದ್ದ, ಹಿಪ್ಪುನೇರಳೆ ಸೊಪ್ಪು, ರೇಷ್ಮೆಗೂಡು ಸಾಗಿಸಲು.

“ಪೂಜೆ ದಿನ ನನ್ನ ಒಳಗೇ ಇರು ಅಂದ್ಬುಟ್ರು ಕಣೆ. ನಾನ್ ಹತ್ತುದ್ರೆ ಗಾಡಿ ನಿಂತೋಯ್ತದಂತೆ. ತೋಟಕ್ಕೆ ಎಲ್ರೂ ಆಟೋದಲ್ಲಿ ಹೋಯ್ತಾರೆ, ನಾನ್ ಹಿಂದ್ಗಡೆ ನಡ್ಕೊಂಡ್ ಹೋಯ್ತೀನಿ.”

“ನಿನ್ ಗಂಡ ಏನಂತಾನೆ?”

“ಅವ್ರೇನಂತಾರೆ? ನಿಧಾನಕ್ಕೆ ಓಡಿಸ್ತಾರೆ, ನಾನು ಹಿಂದೆ ಉಳೀಬಾರ್ದು ಅಂತ.” ಇಷ್ಟು ಹೇಳಿ ಮತ್ತೆ ನಕ್ಕಳು. ನಗುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಬೇಲಿಯ ಆಚೆ ಕಾರು ತೊಳೆಯುತ್ತಿದ್ದ ಮಾವನ ಬಕೆಟ್ಟಿನ ಸದ್ದು ನಿಂತದ್ದು ನನಗೆ ಕೇಳಿಸಿತು.

ಆ ದಿನ ಮಾವ ಹೋಳಿಗೆ ಮುಟ್ಟಲಿಲ್ಲ. ಸುನಂದ ಗಂಡನ ಮನೆಗೆ ಹೊರಡುವ ಬೆಳಿಗ್ಗೆ, “ನಾನೇ ಬುಟ್ ಬತ್ತೀನಿ, ನೀನೂ ಬಾರಮ್ಮಿ ಇಂಜಿನಿಯರಮ್ಮ” ಎಂದು ಕಾರು ತಂದ. ಸುನಂದ ಹಿಂದೆಮುಂದೆ ನೋಡಿದಳು. ಅವನು ಬಾಗಿಲು ತೆಗೆದು ಹಿಡಿದು ನಿಂತೇ ಇದ್ದ. ಹತ್ತಿದಳು. ಬೆಳಗಿನ ತಂಪಿನಲ್ಲಿ ಹೊರಟಿದ್ದರಿಂದ ಹುಣಸೆಮರದ ಏರನ್ನು ಕಾರು ಹಾಡಿಕೊಂಡು ಹತ್ತಿತು. ಸುನಂದ ಕಣ್ಣು ಮುಚ್ಚಿಕೊಂಡಿದ್ದಳು, ಏರು ಮುಗಿದ ಮೇಲೆ ತೆರೆದಳು.

ಸಾಕಮ್ಮ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಕಾಫಿ ಆಯಿತು. ನಾನು ತಡೆಯಲಾರದೆ, ಕಾರು ನಿಂತ ಕಾರಣವನ್ನು ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. “ಓದಿರೋಳು ಕಣವ್ವ ನೀನು. ಏನ್ ಬೇಕಾದ್ರೂ ಹೇಳ್ತೀಯ. ಜಗಲಿ ಒರೆಸ್ಬುಡು” ಎಂದಳು. ಒರೆಸಿದೆ.

ಆಗ ಮಾವ ಎದ್ದು ನಿಂತ. “ಸಾಕವ್ವ, ಕಾರ್ ನಿಂತಿದ್ದು ಈ ಮಗೀನ್ ಕಾಲ್ಗುಣಕ್ಕಲ್ಲ. ನಾನು ಸೋಸೋದ್ನ ಕೂರಿಸಬಾರದ ಜಾಗದಲ್ಲಿ ಕೂರಿಸಿದ್ದಕ್ಕೆ. ನನ್ ಮಾತ್ ನಂಬ್ಬೇಡಿ. ನೀವೇ ಹತ್ತಿ. ಇವಳು ಮನೇಲೇ ಇರ್ಲಿ. ಅವತ್ತಿನ ತರಾನೇ ಮಧ್ಯಾಹ್ನಕ್ಕೆ ಅದೇ ಏರಿಗೆ ಹೋಗಿ ಬರೋಣ.”

“ನನ್ನ ಕಾಲ್ಗುಣ ಪರೀಕ್ಷೆ ಮಾಡ್ತೀಯೇನಪ್ಪ?” ಸಾಕಮ್ಮನಿಗೆ ರೇಗಿತು, ಜೊತೆಗೇ ಹುರುಪೂ ಬಂತು. “ನಡಿ. ನಾನ್ ಈ ಮನೆಗ್ ಕಾಲಿಟ್ಟ ವರ್ಷ ಕೆರೆ ಕೋಡಿ ಬಿದ್ದಿತ್ತು. ಊರಿಗೇ ಗೊತ್ತು.”

ಮಾವ ಹೊರಗೆ ಹೋಗಿ ಬಾನೆಟ್ ಎತ್ತಿದ. ಅವನು ಮಾಡುತ್ತಿದ್ದುದನ್ನು ಕಂಡು ಓಡಿ ಹೋದೆ. ಫಿಲ್ಟರನ್ನು ತಗ್ಗಿನಿಂದ ಬಿಚ್ಚಿ, ಮತ್ತೆ ಅದೇ ಹಳೆಯ ಜಾಗಕ್ಕೆ, ಬಿಸಿ ಕೊಳವೆಯ ಮೇಲಕ್ಕೆ ಕೂರಿಸುತ್ತಿದ್ದ.

“ಮಾವ, ನಿಂತೋಗ್ತದೆ!”

“ನಿಲ್ಲಲಿ ಅಂತಾನೇ ಕಣವ್ವ.”

ಇದನ್ನು ಓದುವವರಿಗೆ ಇದು ಸಣ್ಣ ಸಂಗತಿ ಎನಿಸಬಹುದು. ತನ್ನ ಕಾರು ನಿಂತಿದ್ದನ್ನು ಕಂಡವರಿದ್ದರೆ ಕರೆತನ್ನಿ ಎನ್ನುತ್ತಿದ್ದ ಮನುಷ್ಯ ಅವನು. ಒಂದು ಸಲ ನಿಂತದ್ದನ್ನೇ ಜನ ಮರೆಯಲಿ ಎಂದು ವರ್ಷವೆಲ್ಲ ಕಾದಿದ್ದ. ಈಗ ಬೇಕೆಂದೇ, ಅದೇ ಏರಿನಲ್ಲಿ, ಆ ದಾರಿಯಲ್ಲಿ ಓಡಾಡುವ ಬಸ್ಸಿನವರೂ ಟೆಂಪೋದವರೂ ನೋಡುವಂತೆ, ಎರಡನೆಯ ಸಲ ನಿಲ್ಲಿಸಲು ಹೊರಟಿದ್ದ. ಕಾರಣ ಹುಡುಕಿದವಳು ನಾನೇ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಆ ಕಾರಣವನ್ನು ಹೀಗೆ ಖರ್ಚು ಮಾಡಬಹುದೆಂದು ನನಗೆ ಹೊಳೆದಿರಲಿಲ್ಲ.

ನಡು ಮಧ್ಯಾಹ್ನ ಹೊರಟೆವು. ಮಾವ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಇಂಜಿನ್ನನ್ನು ಸಾಕಷ್ಟು ಕಾಯಿಸಿದ್ದ. ಸಾಕಮ್ಮ ಹಿಂದೆ ಒಬ್ಬಳೇ, ಸೀಟಿನ ನಡುವೆ, ಸೆರಗು ತಲೆಗೆ ಹೊದ್ದು ರಾಣಿಯಂತೆ. ಇಳಿಜಾರು ಇಳಿದು, ತಿರುಗಿ, ಮೊದಲನೇ ಗೇರಿನಲ್ಲಿ ತೆವಳುತ್ತಾ ಏರತೊಡಗಿದೆವು. ಅರಗಿನ ಗಿಣಿ ಅಲುಗದೆ ನೇತುಕೊಂಡಿತ್ತು. ಹುಣಸೆಮರದ ಹತ್ತಿರ ಬಂದಾಗ ಕಾರು ಒಂದು ಸಲ ಮುಗ್ಗರಿಸಿತು. ಇನ್ನೊಂದು ಸಲ. ನಿಂತುಹೋಯಿತು.

ಒಂದು ಬಸ್ಸು ನಮ್ಮನ್ನು ದಾಟಿಕೊಂಡು ಹೋಯಿತು. ಕಿಟಕಿಯಲ್ಲಿದ್ದವನೊಬ್ಬ ಮಾವನ ಗುರುತು ಹಿಡಿದು, “ಏನ್ಲಾ ಪುಟ್ಟಸ್ವಾಮಿ, ಮತ್ತೆ ಇಲ್ಲೇ ಮಲಗ್ತಾ?” ಎಂದು ಕೂಗಿದ. ಮಾವ ಕೈ ಎತ್ತಿ, “ಹೂಂ ಕಣ್ಲಾ” ಎಂದ.

“ನಾನೇನೂ ಮಾಡ್ಲಿಲ್ಲ ಕಣಪ್ಪ” ಎಂದಳು ಸಾಕಮ್ಮ ಹಿಂದಿನಿಂದ, ಸಣ್ಣ ದನಿಯಲ್ಲಿ. ಮರುಕ್ಷಣ ದನಿ ಏರಿಸಿ, “ನೀನೇ ಆಫ್ ಮಾಡ್ದೆ! ನಾಟ್ಕ ಆಡ್ತೀಯಾ?”

“ಬನ್ನಿ ಸಾಕವ್ವ, ನೀವೇ ನೋಡಿ.”

ಇಳಿದಳು. ಬಾನೆಟ್ ಒಳಗೆ ಬಗ್ಗಿದಳು. ಫಿಲ್ಟರು ಅರ್ಧ ಬರಿದಾಗಿತ್ತು. ಉಳಿದ ಅರ್ಧ ಗುಳುಗುಳು ಎನ್ನುತ್ತಿತ್ತು. ಬಹಳ ಹೊತ್ತು ನೋಡಿದಳು. ಮುದ್ದೆಯ ಎಸರನ್ನು ದಿನವೂ ನೋಡುವ ಕಣ್ಣು ಅದು.

“ಪೆಟ್ರೋಲೂ ಕುದೀತದಾ?”

“ನೀರಿಗಿಂತ ಬೇಗ ಕುದೀತದೆ ಅಮ್ಮ” ಎಂದೆ ನಾನು. ಈ ಸಲ ಒರೆಸಿಬಿಡು ಎನ್ನಲಿಲ್ಲ.

ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲಿನ ಪೈಪು ಬಿಚ್ಚುವಂತಿಲ್ಲ. ಹುಣಸೆಮರದ ನೆರಳಲ್ಲಿ ಕೂತೆವು. ಸಾಕಮ್ಮ ಎಲೆ ಅಡಿಕೆಯ ಚೀಲ ತೆಗೆದು ಮಾವನಿಗೂ ಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ ತನ್ನಷ್ಟಕ್ಕೆ ಎಂಬಂತೆ, “ಕೆರೆ ಕೋಡಿ ಬಿತ್ತು ಅಂತ ನಮ್ಮತ್ತೆ ಸಾಯೋ ತನ್ಕ ನನ್ನ ತಲೆ ಮ್ಯಾಲ್ ಹೊತ್ತಿದ್ಲು. ಅವತ್ತು ಮಳೆ ಬರದೆ ಇದ್ದಿದ್ರೆ ನಂಗೂ ಏನ್ ಕಾದಿತ್ತೋ” ಎಂದಳು. ಮಾವ ಎಲೆ ಜಗಿಯುತ್ತಾ ರಸ್ತೆ ನೋಡುತ್ತಿದ್ದ. ಈ ಮಾತಿಗೆ ಉತ್ತರ ಕೊಡಬಾರದೆಂದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಬಾಯಿ ತೆರೆದಿದ್ದೆ. ಅವನು ಕಣ್ಣಲ್ಲೇ ಗದರಿಸಿದ.

ತಣ್ಣಗಾದ ಮೇಲೆ ಫಿಲ್ಟರನ್ನು ಬಿಚ್ಚಿ ತಗ್ಗಿನ ಜಾಗಕ್ಕೆ ಕೂರಿಸಿದ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತೆಗೆದ. ಕೀ ತಿರುಗಿಸಿದ, ಹತ್ತಿಕೊಂಡಿತು. ಮತ್ತೆ ನಿಂತಲ್ಲೇ ಬಹಳ ಹೊತ್ತು ಓಡಿಸಿ ಇಂಜಿನ್ನನ್ನು ಮೊದಲಿನಷ್ಟೇ ಕಾಯಿಸಿದ. ಕೆಳಗೆ ಇಳಿದು, ತಿರುಗಿ, ಅದೇ ಮೊದಲನೇ ಗೇರಿನಲ್ಲಿ, ಅದೇ ತೆವಳಾಟದಲ್ಲಿ ಹತ್ತಿಸಿದ. ಹುಣಸೆಮರ ಬಂತು, ಹಿಂದೆ ಹೋಯಿತು. ಸಾಕಮ್ಮ ಮುಂದಿನ ಸೀಟನ್ನು ಹಿಡಿದಿದ್ದ ಬೆರಳುಗಳನ್ನು ನಿಧಾನವಾಗಿ ಬಿಟ್ಟಳು.

ನನಗೆ ಭಯವಿತ್ತು. ಏರಿನಲ್ಲಿ ನಿಂತ ಕಾರಿನಲ್ಲಿ ಸಾಕಮ್ಮ ಇದ್ದಳೆಂದು ಬಲ್ಲವರು ನಾವು ಮೂರೇ ಜನ. ಆಕೆ ಏನೂ ಆಗಲಿಲ್ಲ ಎಂದುಬಿಟ್ಟರೆ, ಅಲ್ಲಿಗೆ ಮುಗಿಯಿತು. ಒಂದು ಊರಿನ ಕಣ್ಣಲ್ಲಿ ಜೀವಮಾನವೆಲ್ಲ ಉಳಿಸಿಕೊಂಡು ಬಂದ ಕಾಲ್ಗುಣದ ಹೆಸರನ್ನು ಯಾರು ಸುಮ್ಮನೆ ಬಿಡುತ್ತಾರೆ?

ಕಾರು ನಿಂತ ಸದ್ದಿಗೆ ಪಕ್ಕದ ಮನೆಯ ಹೆಂಗಸು ಹೊರಗೆ ಬಂದಳು. “ಎಲ್ಲೋಗಿದ್ರಿ ಸಾಕವ್ವ, ಈ ಬಿಸ್ಲಲ್ಲಿ?”

ಸಾಕಮ್ಮ ಕಾರಿಂದ ಇಳಿದು, ಸೆರಗು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದಳು: “ಏರ್ನಲ್ಲಿ ಕಾರ್ ನಿಂತೋಗಿತ್ತು ಕಣೆ.”

“ಅಯ್ಯಯ್ಯೋ, ಸುನಂದನ್ನೂ ಕರ್ಕೊಂಡ್ ಹೋಗಿದ್ರಾ?”

“ಅವಳೆಲ್ ಬಂದ್ಲು? ಮನೇಲವ್ಳೆ. ಒಳಗೆ ಕುಂತಿದ್ದೋಳು ನಾನು. ನಾನೊಬ್ಳೇ.”

ಮಾವ ಕಾರಿನ ಆಚೆ ಬದಿಗೆ ಹೋಗಿ, ಕೊಳೆಯೇ ಇಲ್ಲದ ಗಾಜನ್ನು ಒರೆಸತೊಡಗಿದ. ಬಾಗಿಲಲ್ಲಿ ಸುನಂದ ನಿಂತಿದ್ದಳು. ಅವಳ ಗಂಡ ಗೂಡ್ಸ್ ಆಟೋಗೆ ಹಗ್ಗ, ಗೋಣಿತಾಟು ಹಾಕುತ್ತಿದ್ದ. ಹುಳುಗಳಿಗೆ ಸೊಪ್ಪು ತರುವ ಹೊತ್ತಾಗಿತ್ತು.

“ಏನಮ್ಮಿ ಬಾಗ್ಲಲ್ಲಿ ನಿಂತ್ಕೊಂಡ್ ನೋಡ್ತಿದ್ದೀಯ” ಎಂದಳು ಸಾಕಮ್ಮ. “ಸೊಪ್ಪಿಗೆ ಹೋಗ್ಬೇಕಲ್ಲ. ಹತ್ತು. ಹಿಂದ್ಗಡೆ ಬ್ಯಾಡ, ಮುಂದ್ಗಡೆ ಅವನ್ ಪಕ್ಕ ಕುಂತ್ಕೊ.”

ಸುನಂದ ಗಂಡನ ಮುಖ ನೋಡಿದಳು, ಗಂಡ ತಾಯಿಯ ಮುಖ ನೋಡಿದ. ಕುಡುಗೋಲು ತೆಗೆದುಕೊಂಡು ಹತ್ತಿ ಕೂತಳು. ಅವನು ಕೀ ತಿರುಗಿಸಿದ. ಆಟೋ ಕೆಮ್ಮಿತು, ಮೈ ಒದರಿತು, ಆರಿಹೋಯಿತು.

ಮಾವನ ಕೈಯ ಬಟ್ಟೆ ಗಾಜಿನ ಮೇಲೆ ಇದ್ದಲ್ಲೇ ನಿಂತಿತು. ಸುನಂದ ಇಳಿಯಲು ಒಂದು ಕಾಲನ್ನು ಆಗಲೇ ಹೊರಗೆ ಚಾಚಿದ್ದಳು.

“ಕುಂತ್ಕಳಮ್ಮಿ ಸುಮ್ನೆ” ಎಂದಳು ಸಾಕಮ್ಮ. ಮಗನ ಕಡೆ ತಿರುಗಿ, “ಇನ್ನೊಂದ್ ಕಿತ ಹೊಡಿಲಾ. ಗಾಡಿ ಅಂದ್ಮೇಲೆ ಕೆಮ್ಮದೆ ಇರ್ತದಾ?”

ಎರಡನೆಯ ಸಲಕ್ಕೆ ಹತ್ತಿಕೊಂಡಿತು. ಸುನಂದ ಕಾಲನ್ನು ಒಳಕ್ಕೆ ಎಳೆದುಕೊಂಡು, ಬಳೆಗಳನ್ನು ಮೇಲಕ್ಕೇರಿಸಿ, ಕಂಬಿ ಹಿಡಿದು, ಮುಂದೆ ನೋಡಿಕೊಂಡು ಹೊರಟಳು.